ಮದುವೆಗೆ ಅವಕಾಶವಿಲ್ಲದ ಸಲಿಂಗ ಸಂಗಾತಿಗಳ ಹಣಕಾಸು: ನಾವು ಮಾಡಿಕೊಂಡ ವ್ಯವಸ್ಥೆ

ತಿಂಗಳಿಗೆ 4,500 ರೂಪಾಯಿಯಂತೆ ಸಂಗಾತಿಯ ಖಾತೆಗೆ ಹಾಕುತ್ತಾ ಹೋದರೆ ವರ್ಷಕ್ಕೆ 54,000 ಆಗುತ್ತದೆ. ಗಂಡ ಹೆಂಡತಿಗೆ ಕೊಟ್ಟರೆ ಪಡೆದವರಿಗೆ ತೆರಿಗೆಯಿಲ್ಲ. ನಮ್ಮಂಥವರ ನಡುವೆ ಅದು ಸಂಬಂಧಿಕರಲ್ಲದವರಿಂದ ಬಂದ ಉಡುಗೊರೆ. ಇಂಥ ಉಡುಗೊರೆಗಳೆಲ್ಲ ಸೇರಿ ವರ್ಷಕ್ಕೆ 50,000 ದಾಟಿದರೆ, ದಾಟಿದ 4,000ಕ್ಕಲ್ಲ, ಪೂರ್ತಿ 54,000ಕ್ಕೂ ಪಡೆದವರು ತೆರಿಗೆ ಕಟ್ಟಬೇಕು. ಆದಾಯ ತೆರಿಗೆ ಕಾಯ್ದೆಯಲ್ಲಿ ‘ಸಂಬಂಧಿ’ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯೊಳಗೆ ನಾವಿಲ್ಲ. ಎಷ್ಟು ವರ್ಷ ಒಟ್ಟಿಗೆ ಬಾಳಿದ್ದೇವೆ ಎನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ನಾವು ಮಾಡಿದ ಮೊದಲ ಕೆಲಸ, ಖರ್ಚು ಹಂಚಿಕೊಳ್ಳುವುದನ್ನು ಉಡುಗೊರೆಯಿಂದ ಬೇರೆ ಮಾಡಿದ್ದು. ಬಾಡಿಗೆ ಕರಾರು ಇಬ್ಬರ ಹೆಸರಿನಲ್ಲೂ ಇದೆ. ಒಬ್ಬರು ಪೂರ್ತಿ ಬಾಡಿಗೆ ಕಟ್ಟಿ ಇನ್ನೊಬ್ಬರು ಅರ್ಧ ವರ್ಗಾಯಿಸುವಾಗ ಶರಾದಲ್ಲಿ ‘ಜೂನ್ ಬಾಡಿಗೆ ಪಾಲು’ ಎಂದೇ ಬರೆಯುತ್ತೇವೆ. ಅದು ತನ್ನ ಪಾಲಿನ ಖರ್ಚು ತೀರಿಸಿದ್ದೇ ಹೊರತು ದಾನವಲ್ಲ. ದೊಡ್ಡ ಮೊತ್ತ ಬೇಕಾದಾಗ ಸಾಲಪತ್ರ ಬರೆದು, ಬ್ಯಾಂಕಿನ ಮೂಲಕವೇ ಕೊಡುತ್ತೇವೆ. ನಗದಾಗಿ 20,000 ಅಥವಾ ಅದಕ್ಕಿಂತ ಹೆಚ್ಚು ಸಾಲ ಪಡೆಯುವುದಕ್ಕೆ ಕಾನೂನಿನ ತಡೆಯಿದೆ. ಇಲ್ಲೊಂದು ಅಪಾಯವಿದೆ: ಸಾಲ ಕೊಟ್ಟವರು ತೀರಿಕೊಂಡರೆ ಅದನ್ನು ವಸೂಲು ಮಾಡುವ ಹಕ್ಕು ಅವರ ವಾರಸುದಾರರಿಗೆ ಹೋಗುತ್ತದೆ. ಬಾಕಿ ಸಾಲವನ್ನು ಸಂಗಾತಿಗೇ ಬಿಟ್ಟುಕೊಟ್ಟಿದ್ದೇನೆಂದು ಉಯಿಲಿನಲ್ಲಿ ಒಂದು ಸಾಲು ಇರಲೇಬೇಕು.

ಮನೆಯ ವಿಷಯದಲ್ಲಿ ಆಗುವ ನಷ್ಟ ಲಕ್ಷಗಳಲ್ಲಿ. ಒಬ್ಬರ ಹೆಸರಿನಲ್ಲಿ ಕೊಂಡ 60 ಲಕ್ಷದ ಫ್ಲ್ಯಾಟಿನ ಅರ್ಧ ಪಾಲನ್ನು ಆಮೇಲೆ ಸಂಗಾತಿಗೆ ದಾನಪತ್ರ ಮಾಡಿಕೊಡೋಣ ಅಂದುಕೊಳ್ಳಿ. ಕರ್ನಾಟಕದಲ್ಲಿ ಗಂಡ, ಹೆಂಡತಿ, ಮಕ್ಕಳ ನಡುವಿನ ದಾನಕ್ಕೆ ಸಣ್ಣದೊಂದು ನಿಗದಿತ ಮುದ್ರಾಂಕ ಶುಲ್ಕ. ಕುಟುಂಬದವರಲ್ಲದವರಿಗೆ ಮಾರುಕಟ್ಟೆ ಬೆಲೆಯ ಶೇ 5, ಅಂದರೆ 30 ಲಕ್ಷಕ್ಕೆ ಒಂದೂವರೆ ಲಕ್ಷ. ನೋಂದಣಿ ಶುಲ್ಕ, ಸೆಸ್ ಬೇರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಆ 30 ಲಕ್ಷ ಪಡೆದವರ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಶೇ 30ರ ದರದಲ್ಲಿರುವವರಿಗೆ ಸುಮಾರು 9 ಲಕ್ಷ ತೆರಿಗೆ. ಕೈಗೆ ಒಂದು ರೂಪಾಯಿಯೂ ಬಾರದೆ ಹತ್ತು ಲಕ್ಷಕ್ಕೂ ಹೆಚ್ಚು ಕಟ್ಟಬೇಕು. ಇದು ಅನ್ಯಾಯವಲ್ಲದೆ ಮತ್ತೇನು?

ಹಾಗಾಗಿ ಕೊಳ್ಳುವಾಗಲೇ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು, ಪಾಲು ಶೇಕಡಾವಾರು ಬರೆದಿರಬೇಕು, ಆ ಪಾಲು ಇಬ್ಬರೂ ಹಾಕಿದ ಹಣಕ್ಕೆ ಹೊಂದಬೇಕು. ಒಬ್ಬರು 60, ಇನ್ನೊಬ್ಬರು 40 ಹಾಕಿ ಸಮಪಾಲು ಎಂದು ಬರೆಸಿದರೆ ಮಿಕ್ಕ ಹತ್ತು ಮತ್ತೆ ಉಡುಗೊರೆಯೆಂಬ ಪ್ರಶ್ನೆಗೆ ದಾರಿ. ಜಂಟಿ ಗೃಹಸಾಲಕ್ಕೆ ಹಲವು ಬ್ಯಾಂಕುಗಳು ಹತ್ತಿರದ ಸಂಬಂಧಿಕರನ್ನೇ ಕೇಳುತ್ತವೆ. ಮುಂಗಡ ಕೊಡುವ ಮೊದಲೇ ‘ಸ್ನೇಹಿತರಿಬ್ಬರು ಸಹಸಾಲಗಾರರಾಗಬಹುದೇ’ ಎಂದು ಬರಹದಲ್ಲಿ ಉತ್ತರ ಪಡೆಯಿರಿ. ನಮಗೆ ಒಂದು ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೂಂ ಅಂದವರು, ಕಡತ ಮೇಲೆ ಹೋದಾಗ ಆಗುವುದಿಲ್ಲ ಎಂದರು. ಇನ್ನೊಂದು ಮಾತು: ಇಬ್ಬರ ಹೆಸರಿದ್ದ ಮಾತ್ರಕ್ಕೆ ಒಬ್ಬರು ಹೋದ ಮೇಲೆ ಮನೆ ಇನ್ನೊಬ್ಬರದಾಗುವುದಿಲ್ಲ. ಉಯಿಲಿಲ್ಲದಿದ್ದರೆ ಹೋದವರ ಪಾಲು ಅವರ ತವರಿನ ವಾರಸುದಾರರಿಗೆ ಸೇರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪಟ್ಟಿಯಲ್ಲಿ ಸಂಗಾತಿಗೆ ಎಲ್ಲೂ ಜಾಗವಿಲ್ಲ.

ಉಯಿಲಿನ ಮೂಲಕ ಬಂದ ಆಸ್ತಿಗೆ ಪಡೆದವರು ಉಡುಗೊರೆ ತೆರಿಗೆ ಕಟ್ಟಬೇಕಿಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ನಮ್ಮ ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಬಿಳಿ ಹಾಳೆಯೇ ಸಾಕು, ಛಾಪಾ ಕಾಗದ ಬೇಡ. ಇಬ್ಬರೂ ಬೇರೆ ಬೇರೆ ಉಯಿಲು ಬರೆದೆವು. ಜಂಟಿ ಉಯಿಲಾದರೆ ಬದಲಾಯಿಸುವಾಗ ತೊಡಕು. ‘ನನ್ನ ಸಂಗಾತಿ’ ಎಂದಷ್ಟೇ ಬರೆಯದೆ ಪೂರ್ಣ ಹೆಸರು, ತಂದೆಯ ಹೆಸರು, ವಿಳಾಸ ಹಾಕಿದೆವು. ಕಾನೂನು ಆ ಸಂಬಂಧವನ್ನು ಗುರುತಿಸದಿದ್ದರೂ ವ್ಯಕ್ತಿಯನ್ನು ಗುರುತಿಸಲೇಬೇಕಲ್ಲ. ತಂದೆತಾಯಿಗೆ ಎಷ್ಟು, ಯಾಕೆ ಎಂಬುದನ್ನೂ ಬರೆದೆವು. ಅವರನ್ನು ಮರೆತು ಬರೆದದ್ದಲ್ಲ ಎಂದು ಓದಿದವರಿಗೆ ತಿಳಿಯಬೇಕು. ಮುಸ್ಲಿಮರಿಗೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆದುಕೊಡಲು ಬರುವುದಿಲ್ಲ.

ಸಾಕ್ಷಿಗಳು ಇಬ್ಬರು ಬೇಕು. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ನುಡಿಯಬೇಕಾಗುತ್ತದೆ, ಅದಕ್ಕೇ ನಮಗಿಂತ ಚಿಕ್ಕ ವಯಸ್ಸಿನವರನ್ನು ಆರಿಸಿಕೊಂಡೆವು. ಆಸ್ತಿ ಪಡೆಯುವವರು ಸಾಕ್ಷಿಯಾಗಬಾರದು. ಅಷ್ಟೇ ಅಲ್ಲ, ಬರೆಸುವಾಗ, ಸಹಿ ಹಾಕುವಾಗ ಆ ಕೋಣೆಯಲ್ಲಿಯೂ ಇರದಿದ್ದರೆ ಒಳ್ಳೆಯದು. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಅದು ಅನುಮಾನಕ್ಕೆ ಎಡೆ ಎಂಬ ಮಾತು, ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಾಜಮ್ಮ ಪ್ರಕರಣದ ಕಾಲದಿಂದ ಗಟ್ಟಿಯಾಗಿ ನಿಂತಿದೆ. ಒಬ್ಬರು ಸಹಿ ಹಾಕುವಾಗ ಇನ್ನೊಬ್ಬರು ಹೊರಗೆ ಕೂತೆವು. ಮನಸ್ಸು ಸ್ಥಿಮಿತದಲ್ಲಿದೆ ಎಂಬ ವೈದ್ಯರ ಪತ್ರವನ್ನು ಅದೇ ದಿನಾಂಕಕ್ಕೆ ಪಡೆದೆವು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದೆವು.

ನಾಮಿನಿ ಮಾಡಿದರೆ ಸಾಕು ಎಂಬ ನಂಬಿಕೆ ದೊಡ್ಡ ಮೋಸ. ಬ್ಯಾಂಕಿನಲ್ಲಿ ನಾಮಿನಿ ಹಣವನ್ನು ಕೈಗೆ ಪಡೆಯುವವರು ಮಾತ್ರ, ಒಡೆಯರಲ್ಲ. ಷೇರುಗಳಿಗೂ ಇದೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ನಾಮಿನಿಯೂ ಉಯಿಲೂ ಒಂದೇ ಹೆಸರು ಹೇಳಬೇಕು. ಜೀವವಿಮೆಯಲ್ಲಿ ಇನ್ನೂ ಎಚ್ಚರ ಬೇಕು. ಅರ್ಜಿಯಲ್ಲಿ ಸಂಗಾತಿಯ ಹೆಸರು ಒಪ್ಪಲಿಲ್ಲವೆಂದು ‘ಸದ್ಯಕ್ಕೆ’ ಅಮ್ಮನ ಹೆಸರು ಹಾಕಿಬಿಡುತ್ತೇವೆ. ವಿಮಾ ಕಾಯ್ದೆಯ 39ನೇ ಕಲಮಿನ ಪ್ರಕಾರ ತಂದೆತಾಯಿ, ಗಂಡ, ಹೆಂಡತಿ, ಮಕ್ಕಳು ನಾಮಿನಿಯಾದರೆ ಆ ಹಣದ ಒಡೆತನವೇ ಅವರದು. ಆಮೇಲೆ ಉಯಿಲು ಬೇರೆ ಹೇಳಿದರೆ ಅದು ನಡೆಯುತ್ತದೆಂದು ನಂಬುವಂತಿಲ್ಲ.

ಪಿಎಫ್‌ನಲ್ಲಿ ನಮ್ಮ ಕೈ ಕಟ್ಟಿದೆ. ಅವಲಂಬಿತ ತಂದೆತಾಯಿ ಇದ್ದರೆ ಅವರು ‘ಕುಟುಂಬ’, ಕುಟುಂಬ ಇರುವಾಗ ಹೊರಗಿನವರ ಹೆಸರು ಬರೆದರೆ ಆ ನಾಮನಿರ್ದೇಶನ ಅಸಿಂಧು. ನಮ್ಮಲ್ಲಿ ಒಬ್ಬರಿಗೆ ಹೀಗಾಗಿದೆ. ಆ ಮೊತ್ತವನ್ನು ತಂದೆತಾಯಿಗೇ ಬಿಟ್ಟು, ಅದಕ್ಕೆ ಸರಿಯಾಗಿ ಉಳಿದ ಆಸ್ತಿಯಲ್ಲಿ ಸಂಗಾತಿಯ ಪಾಲು ಹೆಚ್ಚಿಸಿ ಬರೆದಿದ್ದೇವೆ. ಸಂಗಾತಿಗಾಗಿ ಕಟ್ಟಿದ ಆರೋಗ್ಯವಿಮೆಯ ಕಂತಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಸಿಗುವುದಿಲ್ಲ.

ಪವರ್ ಆಫ್ ಅಟಾರ್ನಿ (ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮಾಡಿಸಿಕೊಂಡಿದ್ದೇವೆ ಎಂದು ನೆಮ್ಮದಿಯಿಂದ ಇರುವವರಿದ್ದಾರೆ. ಕೊಟ್ಟವರು ಸತ್ತರೆ ಅದು ಮುಗಿಯಿತು, ಬುದ್ಧಿ ಸ್ಥಿಮಿತ ತಪ್ಪಿದರೂ ಮುಗಿಯಿತು. ಅತ್ಯಂತ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆ ಹೊತ್ತಿಗೆಂದು ನಾವು ಜಂಟಿ ಖಾತೆ ಇಟ್ಟಿದ್ದೇವೆ. ನಮ್ಮಂಥವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಕೌಂಟರಿನಲ್ಲಿ ತಕರಾರು ಬಂದರೆ ತೋರಿಸಲು ಅದರ ಪ್ರತಿ ಜೊತೆಗಿರಲಿ. ಅರ್ಜಿಯಲ್ಲಿ ‘ಐದರ್ ಆರ್ ಸರ್ವೈವರ್’ (ಇಬ್ಬರಲ್ಲಿ ಯಾರಾದರೂ, ಅಥವಾ ಬದುಕುಳಿದವರು) ಎಂಬುದಕ್ಕೇ ಗುರುತು ಹಾಕಿ. ‘ಜಾಯಿಂಟ್ಲಿ’ ಎಂದಿದ್ದರೆ ಇಬ್ಬರ ಸಹಿಯಿಲ್ಲದೆ ಹಣ ಬರುವುದಿಲ್ಲ. ಆರು ತಿಂಗಳ ಮನೆಖರ್ಚು ಮತ್ತು ಒಂದು ಆಸ್ಪತ್ರೆ ದಾಖಲಾತಿಗೆ ಬೇಕಾಗುವಷ್ಟು ಅದರಲ್ಲಿರುತ್ತದೆ. ಡೆಬಿಟ್ ಕಾರ್ಡ್ ಇಬ್ಬರಿಗೂ ಬೇರೆ ಬೇರೆ ತೆಗೆಸಿ, ಇಬ್ಬರೂ ಎಟಿಎಂಗೆ ಹೋಗಿ ಒಮ್ಮೆ ಹಣ ತೆಗೆದು ನೋಡಿಕೊಂಡಿದ್ದೇವೆ.