ಕನ್ನಡ ಶಾಲೆಯ ಅರ್ಜಿಗೆ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಸೇರಿಸುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾದಾಗ ರಕ್ಷಕರು ಕೇಳುವ ಮೊದಲ ಪ್ರಶ್ನೆ, ‘ಇದನ್ನು ವಿಶ್ವಸಂಸ್ಥೆಗೆ ಒಯ್ಯಬಹುದೇ?’ ಎಂಬುದು. ಒಯ್ಯಬಹುದು. ಆದರೆ ಅಲ್ಲಿಂದ ತೀರ್ಪು ತರಲಾಗದು. ವ್ಯಕ್ತಿಗಳ ದೂರನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ವಿಚಾರಿಸಬೇಕಾದರೆ ದೇಶವು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ ಐಚ್ಛಿಕ ಪ್ರೋಟೋಕಾಲ್‌ಗೆ (ಅಂಥ ದೂರಿಗೆ ದಾರಿ ಕೊಡುವ ಪೂರಕ ಒಪ್ಪಂದಕ್ಕೆ) ಸೇರಿರಬೇಕು, ಭಾರತ ಸೇರಿಲ್ಲ. ಸೇರಿದ ದೇಶದಲ್ಲೂ ದಾರಿ ಸಲೀಸಲ್ಲ. ಶ್ರೀಲಂಕಾದ ಸಿಂಗರಾಸ ಪ್ರಕರಣದಲ್ಲಿ 2004ರಲ್ಲಿ ಆ ಸಮಿತಿ ಅರ್ಜಿದಾರರ ಪರ ಅಭಿಪ್ರಾಯ ಕೊಟ್ಟಿತು. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಪ್ರೋಟೋಕಾಲ್‌ಗೆ ಸೇರಿದ್ದೇ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಎಂದು ಅದನ್ನು ಬದಿಗಿಟ್ಟಿತು.

ಹಾಗಾಗಿ ಒಡಂಬಡಿಕೆಯನ್ನು ಎರ್ನಾಕುಳದ ಕೇರಳ ಹೈಕೋರ್ಟಿನಲ್ಲೇ ಬಳಸಬೇಕು. ಅಲ್ಲಿ ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದು ಮೊದಲು ತಿಳಿದಿರಲಿ. ದೇಶದ ಕಾನೂನು ಸ್ಪಷ್ಟವಾಗಿ ಎದುರಾಗಿದ್ದರೆ ಒಡಂಬಡಿಕೆ ಸೋಲುತ್ತದೆ. ಸುಪ್ರೀಂ ಕೋರ್ಟಿನ 1984ರ ಗ್ರಾಮೋಫೋನ್ ಕಂಪನಿ ತೀರ್ಪು ಇದನ್ನೇ ಹೇಳಿದೆ. ಕಾನೂನೇ ಇಲ್ಲದ ಕಡೆ ಅದು ಜಾಗ ತುಂಬಬಲ್ಲದು, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ಕುರಿತ 1997ರ ವಿಶಾಖಾ ತೀರ್ಪಿನ ಹಾಗೆ. ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣ. ಸಾಲ ತೀರಿಸಲಾಗದವರನ್ನು ಜೈಲಿಗೆ ಹಾಕಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಒಡಂಬಡಿಕೆ ತಾನಾಗಿ ಇಲ್ಲಿನ ಕಾನೂನಾಗದು ಎಂದು ಒಪ್ಪಿಕೊಂಡೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಸೆಕ್ಷನ್ನನ್ನು ಅದಕ್ಕೆ ಹೊಂದುವಂತೆ ಅರ್ಥೈಸಿದರು. ಕೈಯಲ್ಲಿ ಹಣವಿಲ್ಲ ಎಂಬಷ್ಟಕ್ಕೇ ಜೈಲಿಲ್ಲ ಎಂದಾಯಿತು.

ಇದೇ ಮಾದರಿ ಹಿಡಿಯಿರಿ. ನಮ್ಮ ಕಾನೂನಿನಲ್ಲಿ ಅರ್ಥಕ್ಕೆ ಎಡೆಯಿರುವ ಶಬ್ದ ಯಾವುದೆಂದು ಹುಡುಕಿ, ಒಡಂಬಡಿಕೆಯನ್ನು ಅದರ ಪಕ್ಕದಲ್ಲಿಡಿ. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ‘ಸಾಕಷ್ಟು ಸೌಲಭ್ಯ’ ಕೊಡಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. ಎಂಟನೇ ತರಗತಿಯವರೆಗೆ ಅನ್ವಯವಾಗುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 29(2)(ಎಫ್) ‘ಕಾರ್ಯಸಾಧ್ಯವಾದಷ್ಟು ಮಟ್ಟಿಗೆ’ ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ. ಎಷ್ಟು ಕೊಟ್ಟರೆ ಸಾಕಷ್ಟು? ಸಾಧ್ಯವಿಲ್ಲ ಎಂದು ಯಾವಾಗ ಹೇಳಬಹುದು? ಒಡಂಬಡಿಕೆಗೆ ಕೆಲಸ ಇರುವುದು ಇಲ್ಲಿ. ಅರ್ಜಿಯ ಪ್ಯಾರಾ ಹೀಗಿರಲಿ:

‘350ಎ ವಿಧಿ ಮತ್ತು 29(2)(ಎಫ್) ಹೊರಿಸಿದ ಕರ್ತವ್ಯವನ್ನು, ಭಾರತ 1979ರಲ್ಲಿ ಸೇರಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಗೂ 1992ರಲ್ಲಿ ಸೇರಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಗೂ ಹೊಂದುವಂತೆ ಓದಿಕೊಳ್ಳಬೇಕು. ಹುದ್ದೆ ಇದೆ, ಮಕ್ಕಳಿದ್ದಾರೆ. ಭಾಷೆ ಬಲ್ಲವರನ್ನು ನೇಮಿಸುವುದು ಕಾರ್ಯಸಾಧ್ಯ.’

ಈ ಎರಡು ವಿಧಿಗಳೂ ಅಲ್ಪಸಂಖ್ಯಾತರು ತಮ್ಮ ಭಾಷೆ ಬಳಸುವ ಹಕ್ಕನ್ನು ಕಾಯುತ್ತವೆ. 27ನೇ ವಿಧಿಗೆ ಸಕಾರಾತ್ಮಕ ಕ್ರಮವೂ ಬೇಕು, ತಡೆಯದೆ ಸುಮ್ಮನಿದ್ದರೆ ಸಾಲದು ಎಂದು ಸಮಿತಿಯ 1994ರ 23ನೇ ಸಾಮಾನ್ಯ ವ್ಯಾಖ್ಯಾನ ಹೇಳುತ್ತದೆ. ಅದರ 6.1ನೇ ಪ್ಯಾರಾವನ್ನೂ ಲಗತ್ತಿಸಿ. ಯಾವ ವಿಧಿಯನ್ನು ಎತ್ತಿಕೊಂಡರೂ ಅದಕ್ಕೆ ತಾನು ಎಷ್ಟರ ಮಟ್ಟಿಗೆ ಬದ್ಧ ಎಂಬ ಮಿತಿಯ ಘೋಷಣೆಯನ್ನು ಭಾರತ ಹಾಕಿದೆಯೇ ಎಂದು ನೋಡದೆ ಬರೆಯಬೇಡಿ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 9 ಮತ್ತು 13ನೇ ವಿಧಿಗಳಿಗೆ ಹಾಕಿದೆ, 27ಕ್ಕೆ ಹಾಕಿಲ್ಲ.

ಎದುರು ವಕೀಲರು ತರಬಹುದಾದ ಎರಡು ತೀರ್ಪುಗಳಿಗೆ ಮೊದಲೇ ಉತ್ತರ ಸಿದ್ಧವಿರಲಿ. ಒಂದು, 1993ರ ಬ್ಯಾಲಂಟೈನ್ ಪ್ರಕರಣ. ಕ್ವಿಬೆಕ್ ಪ್ರಾಂತ್ಯದ ಇಂಗ್ಲಿಷ್ ಭಾಷಿಕರು ಇಡೀ ಕೆನಡಾದಲ್ಲಿ ಅಲ್ಪಸಂಖ್ಯಾತರಲ್ಲ, ಆದ್ದರಿಂದ ಅವರಿಗೆ 27ನೇ ವಿಧಿ ಅನ್ವಯಿಸದು ಎಂದು ಸಮಿತಿ ಹೇಳಿತು. ನಮ್ಮ ಸುಪ್ರೀಂ ಕೋರ್ಟು 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ ಅಲ್ಪಸಂಖ್ಯಾತರು ಯಾರೆಂದು ಅಳೆಯಲು ರಾಜ್ಯವನ್ನೇ ಘಟಕವಾಗಿ ತೆಗೆದುಕೊಂಡಿದೆ. ಇಲ್ಲಿ ಅಂತಾರಾಷ್ಟ್ರೀಯ ಸಮಿತಿಗಿಂತ ನಮ್ಮ ನ್ಯಾಯಾಲಯವೇ ಉದಾರಿ. ಕನ್ನಡಿಗರು ಕೇರಳದಲ್ಲೂ ಅಲ್ಪಸಂಖ್ಯಾತರು, ದೇಶದಲ್ಲೂ ಅಲ್ಪಸಂಖ್ಯಾತರು. ಎರಡೂ ಅಳತೆಗೆ ಸಲ್ಲುತ್ತಾರೆ ಎಂದು ಸ್ಪಷ್ಟವಾಗಿ ಬರೆಯಿರಿ. ಇನ್ನೊಂದು, ಮಾತೃಭಾಷಾ ಮಾಧ್ಯಮವನ್ನು ರಾಜ್ಯ ಹೇರುವಂತಿಲ್ಲ ಎಂಬ 2014ರ ಕರ್ನಾಟಕ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು. ಅಲ್ಲಿದ್ದದ್ದು ಸರಕಾರದ ಒತ್ತಾಯ. ಇಲ್ಲಿರುವುದು ರಕ್ಷಕರ ಆಯ್ಕೆ. ಆ ತೀರ್ಪು ಆಯ್ಕೆಯ ಪರವೇ ಇದೆ.

ಕಾನೂನು ಎಷ್ಟು ಗಟ್ಟಿಯಿದ್ದರೂ ದಾಖಲೆ ಇಲ್ಲದಿದ್ದರೆ ಕೇಸು ಬೀಳುತ್ತದೆ. ಮೊದಲು ವಿದ್ಯಾಭ್ಯಾಸ ಉಪನಿರ್ದೇಶಕರಿಗೆ ಮನವಿ ಕೊಡಿ. ಅದು ಕನ್ನಡದಲ್ಲೇ ಇರಲಿ: ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಿಮ್ಮ ಪ್ರತಿಯ ಮೇಲೆ ತಾರೀಕಿನ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಜೊತೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಆ ಹುದ್ದೆಯ ಪಿ.ಎಸ್.ಸಿ. (ಲೋಕಸೇವಾ ಆಯೋಗ) ಅಧಿಸೂಚನೆಯಲ್ಲಿ ಕನ್ನಡ ಜ್ಞಾನದ ಶರತ್ತು ಇತ್ತೇ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಮಕ್ಕಳ ನೋಟ್‌ಬುಕ್ಕು ಒಳ್ಳೆಯ ಸಾಕ್ಷಿ. ಪಠ್ಯದಲ್ಲಿ ‘ಭಿನ್ನರಾಶಿ’ ಎಂದಿರುವಾಗ ಮಗು ಕೇಳಿದ ಹಾಗೆ ಮಲಯಾಳದ ಶಬ್ದವನ್ನೇ ಕನ್ನಡ ಅಕ್ಷರದಲ್ಲಿ ‘ಭಿನ್ನಸಂಖ್ಯ’ ಎಂದು ಬರೆದುಕೊಂಡಿದ್ದರೆ, ಆ ಪುಟವನ್ನೂ ಪಠ್ಯಪುಸ್ತಕದ ಪುಟವನ್ನೂ ಒಟ್ಟಿಗೆ ಇಡಿ. ಹತ್ತು ಪುಟದ ವಾದಕ್ಕಿಂತ ಅದು ಬೇಗ ಮುಟ್ಟುತ್ತದೆ. ಹೈಕೋರ್ಟಿನ ಭಾಷೆ ಇಂಗ್ಲಿಷ್, ಆದ್ದರಿಂದ ಎಕ್ಸಿಬಿಟ್ ಪಿ1, ಪಿ2 ಎಂದು ಗುರುತು ಬೀಳುವ ಪ್ರತಿ ಕನ್ನಡ ದಾಖಲೆಗೂ ಅನುವಾದ ಬೇಕು. ವಕೀಲರ ಖರ್ಚಿಗೆ ಹೆದರಬೇಡಿ. ಮಕ್ಕಳಿಗೂ ಹೆಂಗಸರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ‘ಮನವಿಯನ್ನು ಪರಿಗಣಿಸಿ’ ಎಂದಷ್ಟೇ ಕೇಳಿದರೆ ಅಷ್ಟೇ ಆದೇಶ ಸಿಕ್ಕಿ, ಫೈಲು ಮತ್ತೆ ಅದೇ ಮೇಜಿಗೆ ಬರುತ್ತದೆ. ಕನ್ನಡ ಬಲ್ಲ ಅಧ್ಯಾಪಕರನ್ನು ಇಂತಿಷ್ಟು ದಿನದಲ್ಲಿ ನೇಮಿಸಬೇಕು ಎಂದೇ ಕೇಳಿ. ಅಲ್ಲಿಯವರೆಗೆ ದಿನಗೂಲಿ ನೆಲೆಯಲ್ಲಾದರೂ ಒಬ್ಬರು ಬರಲಿ ಎಂಬ ಮಧ್ಯಂತರ ಬೇಡಿಕೆಯನ್ನೂ ಸೇರಿಸಿ.

ಇದೆಲ್ಲ ನಡೆಯುತ್ತಿರುವಾಗಲೇ ವಿಶ್ವಸಂಸ್ಥೆಯ ಅಲ್ಪಸಂಖ್ಯಾತ ವಿಷಯಗಳ ವಿಶೇಷ ವರದಿಗಾರರಿಗೆ (ವಿಶ್ವಸಂಸ್ಥೆ ನೇಮಿಸಿದ ಸ್ವತಂತ್ರ ತಜ್ಞರಿಗೆ, ಪತ್ರಕರ್ತರಲ್ಲ) ಬರೆಯಬಹುದು. ಇಲ್ಲಿನ ನ್ಯಾಯಾಲಯದ ದಾರಿ ಮುಗಿದಿರಬೇಕೆಂಬ ಶರತ್ತು ಅಲ್ಲಿಲ್ಲ, ಶುಲ್ಕವೂ ಇಲ್ಲ. ಆದರೆ ಕನ್ನಡದಲ್ಲಿ ಸಾಗದು, ಇಂಗ್ಲಿಷಿನಲ್ಲಿ ಬರೆಯಿರಿ. ಮಕ್ಕಳ ರಕ್ಷಕರ ಒಪ್ಪಿಗೆ ಬೇಕು. ವರದಿಗಾರರು ಸರಕಾರಕ್ಕೆ ಪತ್ರ ಬರೆದರೆ ಸಾಮಾನ್ಯವಾಗಿ 60 ದಿನಗಳ ಬಳಿಕ ಅದು ಪ್ರಕಟವಾಗುತ್ತದೆ. ಆಗ ಅದನ್ನು ಹೆಚ್ಚುವರಿ ದಾಖಲೆಯಾಗಿ ಹೈಕೋರ್ಟಿಗೆ ಕೊಡಿ. ‘ವಿಶ್ವಸಂಸ್ಥೆ ತೀರ್ಪು ನೀಡಿದೆ’ ಎಂದು ಮಾತ್ರ ಬರೆಯಬೇಡಿ. ‘ಸರಕಾರದಿಂದ ವಿವರಣೆ ಕೇಳಿದೆ’ ಎಂದು ಬರೆಯಿರಿ.