ಗಿಟಾರ್ ಪ್ರೊಸೆಸರ್‌ನಿಂದ ಸ್ಟುಡಿಯೋ ಮಾನಿಟರ್‌ಗೆ: ಧ್ವನಿಮಟ್ಟ ಹೊಂದಿಸುವ ಕ್ರಮ

ಬೆಳಗಾವಿಯ ಟಿಳಕವಾಡಿಯಲ್ಲಿ ನಾನು ಅಭ್ಯಾಸ ಮಾಡುವ ಕೋಣೆ ಹತ್ತಡಿಗೆ ಹನ್ನೆರಡಡಿಯದು. ಗಿಟಾರ್ ಆಂಪ್ (ಆಂಪ್ಲಿಫೈಯರ್) ಮತ್ತು ಸ್ಪೀಕರ್‌ನ ನಾದವನ್ನು ಅನುಕರಿಸುವ ಡಿಜಿಟಲ್ ಗಿಟಾರ್ ಪ್ರೊಸೆಸರ್ ಅನ್ನು ಒಂದು ಜೊತೆ ಸ್ಟುಡಿಯೋ ಮಾನಿಟರ್‌ಗಳಿಗೆ (ಬಂದ ಸದ್ದನ್ನು ಇದ್ದಂತೆಯೇ ಕೇಳಿಸುವ ಸ್ಪೀಕರ್‌ಗಳಿಗೆ) ನೇರವಾಗಿ ಜೋಡಿಸಿದ ಮೊದಲ ಕೆಲವು ತಿಂಗಳು ನಾನು ಮಾನಿಟರ್‌ಗಳ ಹಿಂಬದಿಯ ನಾಬ್‌ಗಳನ್ನು ಪೂರ್ತಿ ತೆರೆದಿಟ್ಟು, ಪ್ರೊಸೆಸರ್‌ನ ನಾಬನ್ನು ಕೂದಲೆಳೆಯಷ್ಟು ಮಾತ್ರ ತಿರುಗಿಸಿ ನುಡಿಸುತ್ತಿದ್ದೆ. ತಂತಿ ಮುಟ್ಟದಿದ್ದಾಗಲೂ ಸುಯ್ಯೆನ್ನುವ ಸದ್ದು ಬಿಡುತ್ತಿರಲಿಲ್ಲ. ಮೊಣಕೈ ತಾಗಿ ಆ ನಾಬ್ ಒಂದಿಷ್ಟು ಸರಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ದೋಷ ಉಪಕರಣದ್ದಾಗಿರಲಿಲ್ಲ, ಹೊಂದಿಸಿದ ಕ್ರಮದ್ದಾಗಿತ್ತು.

ತಂತಿಗೂ ಕಿವಿಗೂ ನಡುವೆ ಸದ್ದನ್ನು ಏರಿಳಿಸುವ ಜಾಗಗಳು ಕನಿಷ್ಠ ಐದು ಇವೆ: ಗಿಟಾರಿನ ವಾಲ್ಯೂಮ್, ಪ್ರೊಸೆಸರ್ ಒಳಗೆ ಆಂಪ್‌ನಂತೆ ಕೆಲಸ ಮಾಡುವ ಆಂಪ್ ಬ್ಲಾಕಿನ ಗೇನ್ (ಒಳಬರುವ ಸದ್ದನ್ನು ಹಿಗ್ಗಿಸುವ ಪ್ರಮಾಣ), ಪ್ಯಾಚಿನ (ಉಳಿಸಿಟ್ಟ ಒಂದೊಂದು ನಾದದ ಹೊಂದಿಕೆಯ) ಲೆವೆಲ್, ಪ್ರೊಸೆಸರ್‌ನ ಮುಖ್ಯ ನಾಬ್, ಮಾನಿಟರ್‌ನ ನಾಬ್. ಪ್ರೊಸೆಸರ್‌ನ ಔಟ್‌ಪುಟ್ ಭಾಗಕ್ಕೆ ತನ್ನದೇ ಆದ ಸಣ್ಣ ಗದ್ದಲವಿರುತ್ತದೆ. ಮುಖ್ಯ ನಾಬ್ ಇಳಿಸಿದಾಗ ಗಿಟಾರಿನ ಸದ್ದು ಕುಗ್ಗುತ್ತದೆಯೇ ಹೊರತು ಆ ಗದ್ದಲ ಅಷ್ಟಾಗಿ ಕುಗ್ಗುವುದಿಲ್ಲ, ಆಮೇಲೆ ಮಾನಿಟರ್ ಎರಡನ್ನೂ ಒಟ್ಟಿಗೇ ಹಿಗ್ಗಿಸುತ್ತದೆ. ಹಿಡಕಲ್ ಕಾಲುವೆಯ ಕೆಳಗೆ ಕಬ್ಬು ಬೆಳೆಯುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಮೇಲಿನ ತೂಬು ಬಿಗಿದಿಟ್ಟು ಹೊಲದ ಮಡೆಯನ್ನು ಎಷ್ಟು ಅಗಲಿಸಿದರೂ ಬರುವುದು ಕೆಸರೇ. ಆದ್ದರಿಂದ ಪ್ರೊಸೆಸರ್‌ನಿಂದ ಸದ್ದು ಧಾರಾಳವಾಗಿ ಹೊರಬರಬೇಕು, ಮಾನಿಟರ್ ಅಗತ್ಯದಷ್ಟೇ ತೆರೆದಿರಬೇಕು.

ನಾಬ್ ಮುಟ್ಟುವ ಮೊದಲು ಪ್ರೊಸೆಸರ್‌ನ ಗ್ಲೋಬಲ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ‘ಇನ್‌ಸ್ಟ್ರುಮೆಂಟ್’ ಎಂದಿದೆಯೋ ‘ಲೈನ್’ ಎಂದಿದೆಯೋ ನೋಡಿಕೊಳ್ಳಬೇಕು. ಮೊದಲನೆಯದು ಗಿಟಾರ್ ಆಂಪ್‌ನ ಮುಂಬದಿಯ ಜ್ಯಾಕಿಗೆ. ಮಾನಿಟರ್‌ಗೆ ಬೇಕಾದದ್ದು ಅದಕ್ಕಿಂತ ಬಲವಾದ ಲೈನ್ ಮಟ್ಟ. ಕೆಲವು ಮಾನಿಟರ್‌ಗಳ ಹಿಂದೆ +4 ಡಿಬಿಯು ಮತ್ತು −10 ಡಿಬಿವಿ ಎಂಬ ಸ್ವಿಚ್ ಇರುತ್ತದೆ, ಒಳಬರುವ ಸಿಗ್ನಲ್ ಎಷ್ಟು ಬಲವಾದದ್ದು ಎಂದು ಮಾನಿಟರ್‌ಗೆ ತಿಳಿಸಲು. +4 ಎಂದರೆ ಸುಮಾರು 1.23 ವೋಲ್ಟ್, −10 ಎಂದರೆ ಸುಮಾರು 0.32 ವೋಲ್ಟ್, ಎರಡರ ನಡುವಿನ ಅಂತರ ಹತ್ತಿರ ಹತ್ತಿರ 12 ಡೆಸಿಬೆಲ್. ಪ್ರೊಸೆಸರ್‌ಗೆ ಬ್ಯಾಲೆನ್ಸ್ಡ್ (ಎರಡು ತಂತಿಗಳಲ್ಲಿ ಸಾಗಿ ಹೊರಗಿನ ಗದ್ದಲವನ್ನು ತಳ್ಳಿಹಾಕುವ) ಲೈನ್ ಔಟ್ ಇದ್ದರೆ +4 ಇಟ್ಟು, ಟಿಆರ್‌ಎಸ್ (ಮೂರು ತುಂಡಿನ ಜ್ಯಾಕಿನ) ಅಥವಾ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಕೇಬಲ್ ಬಳಸುವುದು ಸರಿ. ಗಿಟಾರಿಗೆ ಹಾಕುವ ಎರಡು ತುಂಡಿನ ಜ್ಯಾಕಿನ ಕೇಬಲ್‌ನಲ್ಲೂ ಸದ್ದು ಬರುತ್ತದೆ, ಆದರೆ ಹಮ್ (ಗುಂಯ್ ಎನ್ನುವ ಸದ್ದು) ತಡೆಯುವ ಲಾಭ ಸಿಗುವುದಿಲ್ಲ.

ಇನ್ನೊಂದು, ಗಿಟಾರ್ ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಕ್ಯಾಬ್ ಅಥವಾ ಐಆರ್ ಬ್ಲಾಕ್ ಚಾಲೂ ಇರಲೇಬೇಕು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸೋಲುತ್ತದೆ. ಮಾನಿಟರ್ 20 ಕಿಲೋಹರ್ಟ್ಸ್‌ವರೆಗೂ ನುಡಿಯುತ್ತದೆ. ಕ್ಯಾಬ್ ಇಲ್ಲದ ಡಿಸ್ಟಾರ್ಶನ್ (ಒಡೆದ, ಒರಟು ನಾದ) ಜೇನುಹುಳ ಕೆದರಿದಂತೆ ಕೇಳುತ್ತದೆ, ಆ ಚುಚ್ಚನ್ನೇ ನಾವು ‘ಸದ್ದು ಜಾಸ್ತಿಯಾಯಿತು’ ಎಂದು ತಪ್ಪು ತಿಳಿಯುತ್ತೇವೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಪ್ಯಾಚ್‌ಗಳಿಗೆ. ಗೇನ್ ಬದಲಿಸಿದರೆ ಬದಲಾಗುವುದು ನಾದದ ಒರಟುತನ. ಬರೀ ಗಟ್ಟಿತನ ಬೇಕಿದ್ದರೆ ಆಂಪ್ ಬ್ಲಾಕಿನ ಚಾನೆಲ್ ವಾಲ್ಯೂಮ್ ಅಥವಾ ಪ್ಯಾಚಿನ ಕೊನೆಯ ಲೆವೆಲ್ ಬಳಸಬೇಕು. ಮೊದಲು ಕ್ಲೀನ್ (ಒರಟಿಲ್ಲದ ನಾದದ) ಪ್ಯಾಚ್ ತೆಗೆದುಕೊಂಡು, ಆರೂ ತಂತಿಗಳ ಮೇಲೆ ಇ ಮೇಜರ್ ಕಾರ್ಡನ್ನು ವೇದಿಕೆಯ ಮೇಲೆ ಹೊಡೆಯುವಷ್ಟೇ ಬಲವಾಗಿ ಹೊಡೆದು, ಮೀಟರ್‌ನ ತುದಿ −12ರಿಂದ −6 ಡಿಬಿಎಫ್‌ಎಸ್ (ಸೊನ್ನೆಯೇ ಗರಿಷ್ಠ ಮಿತಿಯಾದ ಡಿಜಿಟಲ್ ಅಳತೆ) ನಡುವೆ ನಿಲ್ಲುವಂತೆ ಲೆವೆಲ್ ಹೊಂದಿಸಬೇಕು. ಸೊನ್ನೆ ಮುಟ್ಟಿದರೆ ಡಿಜಿಟಲ್ ಕ್ಲಿಪ್, ಅಂದರೆ ಸದ್ದಿನ ತುದಿ ಕತ್ತರಿಸಿಹೋಗುತ್ತದೆ; ಅದಕ್ಕೆ ಟ್ಯೂಬ್ ಆಂಪ್‌ನ ಮಾಧುರ್ಯವಿಲ್ಲ. ಕ್ಲೀನನ್ನೇ ಮೊದಲು ತೆಗೆದುಕೊಳ್ಳಲು ಕಾರಣವಿದೆ: ಅದರ ಮೊದಲ ಏಟಿನ ತುದಿ ಎತ್ತರಕ್ಕೆ ಚಿಮ್ಮಿ ತಕ್ಷಣ ಇಳಿಯುತ್ತದೆ, ಡಿಸ್ಟಾರ್ಶನ್ ಮಾತ್ರ ಒತ್ತಿ ಹಿಡಿದಂತೆ ಮಟ್ಟವಾಗಿ ಹರಿಯುತ್ತದೆ. ಮೀಟರ್‌ನಲ್ಲಿ ಎರಡನ್ನೂ ಒಂದೇ ತುದಿಗೆ ಏರಿಸಿದರೆ ಡಿಸ್ಟಾರ್ಶನ್ ಪ್ಯಾಚು ಕಿವಿಗೆ ಬಡಿಯುತ್ತದೆ. ಹೀಗಾಗಿ ಮಿಕ್ಕ ಪ್ಯಾಚ್‌ಗಳನ್ನು ಕ್ಲೀನ್ ಪ್ಯಾಚಿನ ಪಕ್ಕದಲ್ಲಿಟ್ಟು, ಒಂದರಿಂದ ಇನ್ನೊಂದಕ್ಕೆ ಹಾರುತ್ತ, ಕಿವಿಯಿಂದಲೇ ಸಮ ಮಾಡಬೇಕು. ಮೀಟರ್ ಕ್ಲಿಪ್ ತಪ್ಪಿಸುವುದಕ್ಕೆ, ಕಿವಿ ಸಮತೋಲಕ್ಕೆ.

ಈಗ ಮಾನಿಟರ್. ಅದರ ನಾಬ್‌ಗಳನ್ನು ಕನಿಷ್ಠಕ್ಕೆ ಇಳಿಸಿ, ಪ್ರೊಸೆಸರ್‌ನ ಮುಖ್ಯ ನಾಬನ್ನು ಗಡಿಯಾರದ ಮೂರು ಗಂಟೆಯ ಜಾಗಕ್ಕೆ ತಂದು, ಒಂದೊಂದೇ ಮಾನಿಟರನ್ನು ನಿಧಾನವಾಗಿ ತೆರೆಯಬೇಕು. ಫೋನಿನ ಸೌಂಡ್ ಮೀಟರನ್ನು ಸಿ-ವೇಟಿಂಗ್ (ಮಂದ್ರವನ್ನೂ ಹೆಚ್ಚುಕಡಿಮೆ ಪೂರ್ತಿ ಎಣಿಸುವ) ಮತ್ತು ಸ್ಲೋ (ಅಂಕಿ ನಿಧಾನವಾಗಿ ಬದಲಾಗುವ) ಸ್ಥಿತಿಯಲ್ಲಿಟ್ಟು, ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಹಿಡಿದಾಗ ಒಂದೊಂದೂ 70 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಸಣ್ಣ ಕೋಣೆಗೆ ಸಾಕು. ಎರಡೂ ಸೇರಿದಾಗ ಇನ್ನು 3ರಿಂದ 6 ಡೆಸಿಬೆಲ್ ಏರುತ್ತದೆ. ಫೋನಿನ ಅಂಕಿ ನಿಖರವಲ್ಲದಿದ್ದರೂ ಎಡ-ಬಲ ಹೋಲಿಸಲು ನಂಬಬಹುದು. ಸಿಕ್ಕ ಜಾಗಕ್ಕೆ ಪೆನ್ಸಿಲ್‌ನಿಂದ ಗೆರೆ ಹಾಕಿ, ಮುಂದೆ ಆ ನಾಬ್‌ಗಳನ್ನು ಮರೆತುಬಿಡಬೇಕು. ದಿನದ ಏರಿಳಿತವೆಲ್ಲ ಪ್ರೊಸೆಸರ್‌ನ ಮುಖ್ಯ ನಾಬಿನಿಂದಲೇ ಆಗಲಿ, ಆದರೆ ಪ್ಯಾಚ್ ಕಟ್ಟುವಾಗ ಅದು ಮೂರು ಗಂಟೆಗೇ ಮರಳಲಿ. ಸದ್ದು ಕುಗ್ಗಿದಂತೆ ಕಿವಿ ಮಂದ್ರವನ್ನೂ ತಾರವನ್ನೂ ಕಡಿಮೆ ಕೇಳುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ; ಮಧ್ಯರಾತ್ರಿ ಪಿಸುದನಿಯಲ್ಲಿ ಕಟ್ಟಿದ ಪ್ಯಾಚು ಕಾರ್ಯಕ್ರಮದಲ್ಲಿ ಗುಡುಗುವುದಕ್ಕೂ ಕಿರುಚುವುದಕ್ಕೂ ಇದೇ ಕಾರಣ.

ನಮ್ಮೂರಿಗೆ ಎರಡು ಎಚ್ಚರಿಕೆ ಹೇಳಲೇಬೇಕು. ಜುಲೈ ಮಳೆ ತಗಡಿನ ಮೇಲೆ ಸುರಿಯುವಾಗ ಈ ಅಳತೆ ಮಾಡಬಾರದು, ಮಳೆಯ ಮೇಲೆ ಕೇಳಿಸಲೆಂದು ತಿಳಿಯದೆಯೇ ಏರಿಸಿರುತ್ತೇವೆ. ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಸ್ಪೀಕರ್‌ಗಳ ಮುಂದೆ ನಿಂತುಬಂದ ಮರುದಿನವೂ ಬೇಡ. ದಣಿದ ಕಿವಿ ಎಲ್ಲವನ್ನೂ ಮೆತ್ತಗೆ ಕೇಳುತ್ತದೆ.

ಗುಂಯ್ಗುಡುವ 50 ಹರ್ಟ್ಸ್ ಹಮ್ ಇದ್ದರೆ ಮೊದಲು ಲ್ಯಾಪ್‌ಟಾಪಿನ ಯುಎಸ್‌ಬಿ ತಂತಿ, ನಂತರ ಅದರ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಉಪಕರಣಗಳ ಅರ್ಥ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಕೂಡಿದಾಗ ಆಗುವ ಸುತ್ತು), ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದರೆ ಬಹುತೇಕ ಅಡಗುತ್ತದೆ. ಅರ್ಥ್ ಪಿನ್ ಕಿತ್ತುಹಾಕುವ ಉಪಾಯವನ್ನು ಯಾರೇ ಹೇಳಿದರೂ ಮಾಡಬಾರದು, ಅದು ಜೀವಕ್ಕೆ ಅಪಾಯ. ಪ್ರೊಸೆಸರ್ ಮೊದಲು ಚಾಲೂ, ಮಾನಿಟರ್ ಕೊನೆಗೆ. ಆರಿಸುವಾಗ ಮಾನಿಟರ್ ಮೊದಲು. ನಡುವೆ ಕರೆಂಟು ಹೋದರೆ ಕತ್ತಲಲ್ಲೇ ತಡಕಾಡಿ ಮಾನಿಟರ್‌ಗಳ ಸ್ವಿಚ್ ಆರಿಸಿಡಬೇಕು, ಏಕೆಂದರೆ ಕರೆಂಟು ಮರಳಿದಾಗ ಎಲ್ಲವೂ ಒಟ್ಟಿಗೆ ಎದ್ದು, ಮೊದಲ ‘ಧಪ್’ ನೇರ ಮಾನಿಟರ್‌ನ ಸ್ಪೀಕರ್‌ಗೇ ಬೀಳುತ್ತದೆ.