ಸ್ವೀಡನ್ ಜನರ ಪ್ರಾಗಿತಿಹಾಸ ಓದೋಕೆ ಎಲ್ಲಿಂದ ಶುರು ಮಾಡೋದು?

ಸ್ವೀಡನ್ ಅಂದ ತಕ್ಷಣ ಎಲ್ರೂ ವೈಕಿಂಗ್‌ಗಳಿಂದಾನೇ ಶುರು ಮಾಡ್ತಾರೆ, ಹಂಗೆ ಮಾಡ್ಬೇಡಿ. ವೈಕಿಂಗ್ ಕಾಲ ಅಲ್ಲಿನ ಪ್ರಾಗಿತಿಹಾಸದ ಕೊನೇ ಚಾಪ್ಟರ್ ಅಷ್ಟೇ, ಕ್ರಿ.ಶ. 1050ರ ಹೊತ್ತಿಗೆ ಅದೂ ಮುಗೀತು, ಅದಕ್ಕೂ ಹಿಂದೆ ಹತ್ತು ಸಾವಿರ ವರ್ಷಕ್ಕಿಂತ ಜಾಸ್ತಿ ಕಥೆ ಇದೆ.

ಮೊದ್ಲು ನೆಲದ ವಿಷ್ಯ ತಿಳ್ಕೊಳ್ಳಿ. ಹಿಮಯುಗದಲ್ಲಿ ಅಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು, ಅದು ಕರಗಿ ಭಾರ ಇಳಿದ್ಮೇಲೆ ನೆಲ ಮೇಲೇಳೋಕೆ ಶುರುವಾಯ್ತು, ಇನ್ನೂ ನಿಂತಿಲ್ಲ, ಹೈ ಕೋಸ್ಟ್ ಅನ್ನೋ ಕಡಲ ತೀರದ ಕಡೆ ಈಗ್ಲೂ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಏಳ್ತಿದೆ, ಹಳೇ ಕಡಲ ತೀರದ ಗುರುತು ಅಲ್ಲಿ 286 ಮೀಟರ್ ಎತ್ತರದಲ್ಲಿ ಸಿಗುತ್ತೆ! ಹಾಗಾಗಿ ತೀರದಲ್ಲಿದ್ದ ಯಾವುದೇ ವಸತಿ ಬಗ್ಗೆ ಓದುವಾಗ ಈಗ ಅದು ಎಷ್ಟು ಎತ್ತರದಲ್ಲಿದೆ ಅಂತ ನೋಡಿ, ಸಾಮಾನ್ಯವಾಗಿ ಎತ್ತರ ಹೆಚ್ಚಿದಷ್ಟೂ ಹಳೇದು. ದಕ್ಷಿಣದ ಸ್ಕೋನೆಯಲ್ಲಿ ಮಾತ್ರ ಈ ಟ್ರಿಕ್ ನಡೆಯಲ್ಲ, ಅಲ್ಲಿ ಶಿಲಾಯುಗದ ಕೆಲವು ಜಾಗ ಸಮುದ್ರದೊಳಗೇ ಇವೆ. ಫೋರ್ನ್‌ಸೋಕ್ ಅನ್ನೋ, ಪುರಾತನ ಅವಶೇಷಗಳ ಸರ್ಕಾರಿ ಆನ್‌ಲೈನ್ ಮ್ಯಾಪ್ ಫ್ರೀ ಇದೆ, ಅದರಲ್ಲಿ ಟಾನುಮ್ ಹುಡುಕಿ, ಕಂಚಿನ ಯುಗದ ಬಂಡೆ ಚಿತ್ರಗಳಿರೋ ಊರು. ಚಿತ್ರ ತುಂಬಾ ದೋಣಿಗಳೇ, ಯಾಕಂದ್ರೆ ಆಗ ಕಡಲು ತುಂಬಾ ಹತ್ರ ಇತ್ತು.

ಆಮೇಲೆ ಜನ. ಮೂರು ಅಲೆ ನೆನಪಿಟ್ಕೊಂಡ್ರೆ ಸಾಕು. ಮೊದಲು ಬೇಟೆಗಾರರು (ಮೋತಾಲಾ ಅನ್ನೋ ಊರಲ್ಲಿ ಸುಮಾರು 8000 ವರ್ಷ ಹಿಂದಿನ ತಲೆಬುರುಡೆಗಳು ಸಿಕ್ಕಿವೆ, ಒಂದೆರಡರಲ್ಲಿ ಮರದ ಗೂಟ ಚುಚ್ಚಿತ್ತು), ಕ್ರಿ.ಪೂ. 4000ರ ಸುಮಾರಿಗೆ ಅನಟೋಲಿಯಾ (ಈಗಿನ ಟರ್ಕಿ) ಮೂಲದ ರೈತರು, ಫಾಲ್‌ಬಿಗ್ಡೆನ್ ಅನ್ನೋ ಪ್ರದೇಶದ ದೊಡ್ಡ ಕಲ್ಲಿನ ಸಮಾಧಿ ಕಟ್ಟಿದ್ದು ಅವ್ರೇ, ಕ್ರಿ.ಪೂ. 2800ರ ಹೊತ್ತಿಗೆ ಪೂರ್ವ ಯುರೋಪಿನ ಹುಲ್ಲುಗಾವಲು ಸೀಮೆಯ ರಕ್ತ ಇದ್ದ "ಯುದ್ಧ ಕೊಡಲಿ" ಸಂಸ್ಕೃತಿಯ ಜನ. ಆದ್ರೆ ಒಬ್ರು ಬಂದ ತಕ್ಷಣ ಇನ್ನೊಬ್ರು ಮಾಯ ಆದ್ರು ಅಂತ ಅಂದ್ಕೋಬೇಡಿ, ರೈತರು ಬಂದು ಎಷ್ಟೋ ಕಾಲ ಆದ್ಮೇಲೂ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಸೀಲ್ ಹಿಡಿಯೋರು ಇದ್ರು, ಅವ್ರ ಡಿಎನ್ಎ ರೈತರದಕ್ಕಿಂತ ಬೇರೇನೇ. ಇವತ್ತಿನ ಸ್ವೀಡಿಷರಲ್ಲಿ ಮೂವರ ಪಾಲೂ ಇದೆ, ಹಾಗಾಗಿ "ಅಸಲಿ ಸ್ವೀಡಿಷರು ಯಾರು" ಅಂತ ವಾದ ಮಾಡೋರ ಜೊತೆ ಟೈಮ್ ವೇಸ್ಟ್ ಮಾಡ್ಬೇಡಿ.

ಬರಹದಲ್ಲಿ ಈ ಜನರ ಹೆಸರು ಸಿಗೋದು ಬಹಳ ತಡವಾಗಿ, ಕ್ರಿ.ಶ. 98ರಲ್ಲಿ ರೋಮಿನ ಇತಿಹಾಸಕಾರ ಟ್ಯಾಸಿಟಸ್ "ಸುಯೋನೆಸ್" ಅಂತ ಬರೀತಾನೆ.

ಸ್ಟಾಕ್‌ಹೋಮ್‌ಗೆ ಹೋಗೋ ಚಾನ್ಸ್ ಸಿಕ್ರೆ ಇತಿಹಾಸ ಮ್ಯೂಸಿಯಂ ನೋಡಿ, ಹೆಲ್ಗೋ ದ್ವೀಪದಲ್ಲಿ ಸಿಕ್ಕ ಪುಟ್ಟ ಕಂಚಿನ ಬುದ್ಧ ಆ ಮ್ಯೂಸಿಯಂದೇ, ಭಾರತ ಉಪಖಂಡದ ವಾಯವ್ಯದಲ್ಲಿ ಮಾಡಿದ್ದು. ಮೆಟಲ್ ಡಿಟೆಕ್ಟರ್ ಮಾತ್ರ ತಗೊಂಡು ಹೋಗ್ಬೇಡಿ, ಪರ್ಮಿಶನ್ ಇಲ್ದೆ ಬಳಸಿದ್ರೆ ಅಲ್ಲಿ ಕೇಸ್ ಆಗ್ಬಹುದು.